ನುಂಗುವ ಸೀಮೆಯ ದವಡೆ

ಮುದ್ದೆಯನ್ನು ಅಗಿಯುವವರು ನಮ್ಮ ಸೀಮೆಯವರಲ್ಲ. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಿರಲಿ, ಕನಕಪುರ, ಚನ್ನಪಟ್ಟಣ, ರಾಮನಗರದ ಯಾವ ಹಳ್ಳಿಯೇ ಇರಲಿ, ಬೀಗರೂಟದ ಪಂಕ್ತಿಯಲ್ಲಿ ಹೊರಗಿನ ನೆಂಟರೊಬ್ಬರು ತುತ್ತು ಮುರಿದು ಬಾಯಿಗಿಟ್ಟು ಹಲ್ಲಿನಲ್ಲಿ ಅರೆಯತೊಡಗಿದರೆ ಪಕ್ಕದವರಿಗೆ ಗೊತ್ತಾಗಿಬಿಡುತ್ತದೆ. ಹಿಟ್ಟು ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಅಂಗುಳಕ್ಕೆ ಅಂಟುತ್ತದೆ, ನೆಂಟರು ನೀರಿನ ಲೋಟಕ್ಕೆ ಕೈಹಾಕುತ್ತಾರೆ. ‘ಅಗೀಬೇಡಿ ಸ್ವಾಮಿ, ಸಾರಿಗೆ ಅದ್ದಿ ಹಂಗೇ ನುಂಗಿ’ ಎಂದು ಎದುರಿನ ಹಿರಿಯರು ಪಾಠ ಶುರುಮಾಡುತ್ತಾರೆ.

ಮುಖದ ಮೂಳೆಗಳ ಬಗ್ಗೆ ಬರೆಯಲು ಹೊರಟವರಿಗೆ ಈ ಪಂಕ್ತಿಗಿಂತ ಒಳ್ಳೆಯ ಜಾಗ ಸಿಗಲಾರದು. ಗಟ್ಟಿ ಆಹಾರ ತಿಂದವರ ದವಡೆ ಗಟ್ಟಿ, ಮೆತ್ತಗಿನದು ತಿಂದವರ ದವಡೆ ಕಿರಿದು ಎಂಬ ಮಾತು ನೂರು ವರ್ಷದಿಂದ ಚಾಲ್ತಿಯಲ್ಲಿದೆ. ಒಳ್ಳೆಯ ಪೋಷಣೆಯಿದ್ದರೆ ಮುಖ ಅಗಲವಾಗಿ, ಹಲ್ಲು ಸಾಲಾಗಿ ಬರುತ್ತವೆ ಎಂಬ ಇನ್ನೊಂದು ಮಾತೂ ಅದರ ಜೊತೆಗೇ ಓಡಾಡುತ್ತಿದೆ. ಈ ಎರಡನ್ನೂ ಒಂದೇ ಎಂದುಕೊಂಡವರು ಬಹಳ. ರಾಗಿ ಇವೆರಡನ್ನೂ ಬೇರೆ ಮಾಡಿ ತೋರಿಸುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು. ಧಾನ್ಯಗಳಲ್ಲಿ ಇಷ್ಟು ಕ್ಯಾಲ್ಸಿಯಂ ಇರುವುದು ಇನ್ನೊಂದಿಲ್ಲ. ಆದರೆ ಅದೇ ರಾಗಿ ಮುದ್ದೆಯಾದಾಗ ಹಲ್ಲಿಗೆ ಒಂದಿಷ್ಟೂ ಕೆಲಸ ಕೊಡುವುದಿಲ್ಲ. ಮೂಳೆಗೆ ಬೇಕಾದ ಸರಕು ಪೂರ್ತಿ, ದವಡೆಗೆ ಬೇಕಾದ ದುಡಿಮೆ ಸೊನ್ನೆ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆಯಲ್ಲಿ ತೋಳಿನ ಬಲ ಬರುತ್ತದೆಯೇ ಹೊರತು ದವಡೆಯ ಬಲದ ಸುದ್ದಿಯಿಲ್ಲ, ಗಮನಿಸಿ.

ಹಾಗಾದರೆ ಮುಖವನ್ನು ಕಟ್ಟುವುದು ಯಾವುದು? ವಂಶವೇ, ಸರಕೇ, ದುಡಿಮೆಯೇ? ಉತ್ತರ ಮುಖದ ಯಾವ ಭಾಗದ ಬಗ್ಗೆ ಕೇಳುತ್ತಿದ್ದೀರಿ ಎಂಬುದನ್ನು ಅವಲಂಬಿಸಿದೆ. ಈ ಅಧ್ಯಾಯದಲ್ಲಿ ನಾನು ಹೇಳಬೇಕೆಂದಿರುವುದೂ ಇಷ್ಟೇ. ಮುಖವೆಂಬುದು ಒಬ್ಬ ಯಜಮಾನನ ಮಾತು ಕೇಳುವ ಸೊತ್ತಲ್ಲ. ಮೂಗು ಒಬ್ಬರ ಮಾತು ಕೇಳುತ್ತದೆ, ದವಡೆ ಇನ್ನೊಬ್ಬರದು.

ಮೊದಲು ವಂಶದ ಕಡೆಯಿಂದ ನೋಡೋಣ. ಮಗು ಹುಟ್ಟಿದ ಗಳಿಗೆಯಿಂದ ನಮ್ಮ ಮನೆಗಳಲ್ಲಿ ಮುಖದ ಹಂಚಿಕೆ ನಡೆಯುತ್ತದೆ: ಮೂಗು ಅಪ್ಪನದು, ಹಣೆ ತಾತನದು, ಗದ್ದ ಸೋದರತ್ತೆಯದು. ಈ ಹಂಚಿಕೆ ಬರಿಯ ಬಾಯಿಮಾತಲ್ಲ. ಗರ್ಭದ ನಾಲ್ಕನೆಯ ವಾರದ ಹೊತ್ತಿಗೆ, ಮುಂದೆ ಬೆನ್ನುಹುರಿ ಮತ್ತು ಮಿದುಳು ಆಗಲಿರುವ ನಳಿಕೆಯ ಅಂಚಿನಿಂದ ಒಂದು ಬಗೆಯ ಕೋಶಗಳು ಹೊರಟು ಮುಂದಕ್ಕೆ ವಲಸೆ ಬರುತ್ತವೆ. ಇವಕ್ಕೆ ನರಶಿಖೆಯ ಕೋಶಗಳು ಎನ್ನುತ್ತಾರೆ. ಮುಖದ ಮೂಳೆಗಳಲ್ಲಿ ಹೆಚ್ಚಿನವು ಇವುಗಳಿಂದಲೇ ಆಗುವುದು. ಎಡದಿಂದ, ಬಲದಿಂದ, ಮೇಲಿನಿಂದ ಬಂದ ಮೊಗ್ಗುಗಳು ನಡುವೆ ಕೂಡಿಕೊಂಡು ತುಟಿ, ಮೂಗು, ಅಂಗುಳ ಆಗುತ್ತವೆ. ತುಟಿ ಏಳನೆಯ ವಾರದ ಹೊತ್ತಿಗೆ ಕೂಡಿರುತ್ತದೆ, ಅಂಗುಳ ಹನ್ನೆರಡನೆಯ ವಾರದೊಳಗೆ. ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸಿರು ಎಂದು ಖಚಿತವಾಗುವ ಹೊತ್ತಿಗೆ ಮಗುವಿನ ಮುಖ ಅರ್ಧ ಆಗಿಹೋಗಿರುತ್ತದೆ.

ಆ ಕೂಡಿಕೆ ತಪ್ಪಿದರೆ ಸೀಳು ತುಟಿ, ಸೀಳು ಅಂಗುಳ. ಸುಮಾರು 700ರಿಂದ 1,000 ಹೆರಿಗೆಗಳಿಗೆ ಒಂದು ಮಗು ಹೀಗೆ ಹುಟ್ಟುತ್ತದೆ. ನಮ್ಮಲ್ಲಿ ಇದರ ಹೊಣೆಯನ್ನು ಗ್ರಹಣದ ಮೇಲೆ ಹಾಕುವುದು ರೂಢಿ: ಬಸುರಿ ಗ್ರಹಣದ ಹೊತ್ತಲ್ಲಿ ಹೊರಗೆ ಬಂದಳು, ಈಳಿಗೆಮಣೆ ಮುಟ್ಟಿದಳು ಎಂದು. ಏಳನೆಯ ತಿಂಗಳಲ್ಲಿ ಬಂದ ಗ್ರಹಣ ಏಳನೆಯ ವಾರದಲ್ಲೇ ಕೂಡಿ ಮುಗಿದ ತುಟಿಯನ್ನು ಹೇಗೆ ಸೀಳೀತು? ತಾಯಿಯ ತಲೆಗೆ ಪಾಪ ಕಟ್ಟುವ ಈ ನಂಬಿಕೆಯ ಬಗ್ಗೆ ನನಗೆ ಕನಿಕರವಿಲ್ಲ. ನಿಜವಾದ ಕಾರಣಗಳಲ್ಲಿ ಜೀನುಗಳಿವೆ, ಅವುಗಳಲ್ಲಿ ಐಆರ್‌ಎಫ್6 ಎಂಬುದು ಚೆನ್ನಾಗಿ ಗೊತ್ತಿರುವ ಒಂದು. ತಾಯಿಯ ಧೂಮಪಾನ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಮೂರ್ಛೆರೋಗದ ಕೆಲವು ಮಾತ್ರೆಗಳು ಅಪಾಯವನ್ನು ಹೆಚ್ಚಿಸುತ್ತವೆ.

ಆರೋಗ್ಯವಂತ ಮುಖಗಳ ನಡುವಿನ ವ್ಯತ್ಯಾಸಕ್ಕೂ ಜೀನುಗಳೇ ಹೊಣೆ, ಆದರೆ ಒಂದೆರಡಲ್ಲ. 2016ರಲ್ಲಿ ಲ್ಯಾಟಿನ್ ಅಮೆರಿಕದ 6,000ಕ್ಕೂ ಹೆಚ್ಚು ಜನರ ಮುಖಗಳನ್ನು ಅವರ ಡಿಎನ್‌ಎ ಜೊತೆ ಹೋಲಿಸಿದಾಗ ಮೂಗಿನ ಸೇತುವೆಯ ಅಗಲಕ್ಕೆ ರನ್ಎಕ್ಸ್2, ಹೊಳ್ಳೆಗಳ ಅಗಲಕ್ಕೆ ಜಿಎಲ್‌ಐ3, ಮೂಗಿನ ತುದಿಯ ಚೂಪಿಗೆ ಡಿಸಿಎಚ್‌ಎಸ್2 ಎಂಬ ಜೀನುಗಳ ನಂಟು ಕಂಡಿತು. ಇವುಗಳಲ್ಲಿ ರನ್ಎಕ್ಸ್2 ಸಾಮಾನ್ಯ ಜೀನಲ್ಲ. ಮೂಳೆ ಕಟ್ಟುವ ಕೋಶಗಳು ಹುಟ್ಟಬೇಕಾದರೆ ಅದರ ಅಪ್ಪಣೆ ಬೇಕು. ಅದು ಕೆಟ್ಟರೆ ಕತ್ತಿನ ಕೆಳಗಿನ ಕೊರಳೆಲುಬೇ ಸರಿಯಾಗಿ ಬೆಳೆಯದ, ನೆತ್ತಿ ತಡವಾಗಿ ಮುಚ್ಚುವ ಮಕ್ಕಳು ಹುಟ್ಟುತ್ತಾರೆ. ಅಂಥ ಜೀನಿನ ಸಣ್ಣ ಬದಲಾವಣೆ ಒಂದು ಮನೆತನದ ಮೂಗಿನ ಸೇತುವೆಯನ್ನು ಕೂದಲೆಳೆಯಷ್ಟು ಅಗಲ ಮಾಡುತ್ತದೆ. 2021ರಲ್ಲಿ ಯುರೋಪಿನ ಮೂಲದ 8,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನ ಮುಖದ ಆಕಾರಕ್ಕೆ ನಂಟಿರುವ 203 ತಾಣಗಳನ್ನು ಗುರುತಿಸಿತು. ಒಂದೊಂದರ ಪಾಲೂ ಅತ್ಯಲ್ಪ. ಹಾಗಾಗಿ ‘ಅಪ್ಪನ ಮೂಗು’ ಎಂಬುದು ಒಂದು ಗಂಟಾಗಿ ಬರುವುದಿಲ್ಲ. ನೂರಾರು ಚಿಲ್ಲರೆಗಳಾಗಿ ಬಂದು, ಅಮ್ಮನ ಚಿಲ್ಲರೆಗಳ ಜೊತೆ ಸೇರಿ, ಕೊನೆಗೆ ಅಪ್ಪನ ಮೂಗಿನ ಹಾಗೆ ಕಾಣುತ್ತದೆ.

ಮೂಗಿನ ಅಗಲದಲ್ಲಿ ಹವೆಯ ಕೈಯೂ ಇದೆ. ಒಣ, ಚಳಿ ಗಾಳಿಯನ್ನು ಶ್ವಾಸಕೋಶಕ್ಕೆ ತಲುಪುವ ಮೊದಲು ಬೆಚ್ಚಗೆ, ಒದ್ದೆ ಮಾಡಲು ಕಿರಿದಾದ ಮೂಗು ಅನುಕೂಲ. ಬಿಸಿ, ತೇವದ ನಾಡಿನಲ್ಲಿ ಅದರ ಅಗತ್ಯವಿಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೊಳ್ಳೆಗಳ ಅಗಲಕ್ಕೂ ಪೂರ್ವಿಕರ ಊರಿನ ಉಷ್ಣತೆ, ತೇವಕ್ಕೂ ಇರುವ ಹೊಂದಾಣಿಕೆಯನ್ನು ತೋರಿಸಿತು. ಇಷ್ಟು ಸರಳ ಸಂಗತಿಯನ್ನು ಬ್ರಿಟಿಷ್ ಅಧಿಕಾರಿಗಳು ಎಲ್ಲಿಗೆ ಒಯ್ದರು ನೋಡಿ. 1901ರ ಜನಗಣತಿಯ ಹೊಣೆ ಹೊತ್ತ ಹರ್ಬರ್ಟ್ ರಿಸ್ಲೆ ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ, ಬಂದ ಅಂಕೆಗೂ ಜಾತಿಯ ಮೇಲು ಕೀಳಿಗೂ ನೇರ ಸಂಬಂಧ ಕಟ್ಟಿದ. ಮದರಾಸಿನ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಇಕ್ಕಳದಂಥ ಅಳತೆಗೋಲು ಹಿಡಿದು ದಕ್ಷಿಣದ ಜಾತಿ, ಬುಡಕಟ್ಟುಗಳ ತಲೆ, ಮೂಗುಗಳನ್ನು ಅಳೆದ. 1909ರಲ್ಲಿ ಏಳು ಸಂಪುಟಗಳು ಬಂದವು. ಅಳತೆಗಳು ಅಳತೆಗಳೇ. ಕೆಟ್ಟದ್ದು ಅವುಗಳಿಂದ ಕಟ್ಟಿದ ಏಣಿ.

ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಫ್ರಾನ್ಜ್ ಬೋವಾಸ್ ಸುಮಾರು 18,000 ವಲಸಿಗರನ್ನೂ ಅವರ ಮಕ್ಕಳನ್ನೂ ಅಳೆಯುತ್ತಿದ್ದ. ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ತಲೆಯ ಆಕಾರ ಅಪ್ಪ ಅಮ್ಮಂದಿರ ಊರಿನಲ್ಲಿ ಹುಟ್ಟಿದ ಒಡಹುಟ್ಟಿದವರದಕ್ಕಿಂತ ಬೇರೆಯಾಗಿದೆ, ಆದ್ದರಿಂದ ತಲೆಬುರುಡೆ ಜನಾಂಗದ ಅಚ್ಚಲ್ಲ ಎಂದು 1911ರಲ್ಲಿ ಹೇಳಿದ. ತೊಂಬತ್ತು ವರ್ಷಗಳ ಬಳಿಕ ಅವನ ಅಂಕಿಅಂಶಗಳನ್ನೇ ಎರಡು ತಂಡಗಳು ಮತ್ತೆ ಲೆಕ್ಕ ಹಾಕಿ ಜಗಳವಾಡಿದವು. ಬದಲಾವಣೆ ತೀರ ಸಣ್ಣದು ಎಂದಿತು ಒಂದು, ಬೋವಾಸ್ ಹೇಳಿದ್ದರಲ್ಲಿ ಬಹುಪಾಲು ನಿಂತಿದೆ ಎಂದಿತು ಇನ್ನೊಂದು. ನನ್ನ ತೀರ್ಮಾನ ಇಬ್ಬರೂ ಸರಿ ಎಂಬುದು. ತಲೆಬುರುಡೆಯ ಮೇಲ್ಭಾಗದಲ್ಲಿ ವಂಶದ್ದೇ ದೊಡ್ಡ ಪಾಲು. ಪರಿಸರಕ್ಕೆ ಸಿಗುವುದು ಸಣ್ಣ ಪಾಲು, ಆದರೆ ಅದು ಸೊನ್ನೆಯಲ್ಲ.

ವಂಶದ ಕೈ ಎಷ್ಟು ಜೋರು ಎಂದು ನೋಡಬೇಕಾದರೆ ಒಂದು ಅರಮನೆಗೂ ನಮ್ಮ ಹಳ್ಳಿಗಳಿಗೂ ಇರುವ ಒಂದು ವಿಚಿತ್ರ ನೆಂಟಸ್ತಿಕೆಯನ್ನು ಹೇಳಬೇಕು. ಸ್ಪೇನನ್ನು ಆಳಿದ ಹ್ಯಾಬ್ಸ್‌ಬರ್ಗ್ ಮನೆತನದ ದೊರೆಗಳ ಕೆಳದವಡೆ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಆಸ್ಥಾನದ ಚಿತ್ರಕಾರರು ಎಷ್ಟೇ ಹೊಗಳಿ ಬರೆದರೂ ಅದನ್ನು ಮುಚ್ಚಲಾಗಲಿಲ್ಲ. 2019ರಲ್ಲಿ ಹತ್ತು ಮಂದಿ ಮುಖ ಮತ್ತು ದವಡೆ ಶಸ್ತ್ರಚಿಕಿತ್ಸಕರು ಆ ಮನೆತನದ ಹದಿನೈದು ಜನರ 66 ಚಿತ್ರಗಳನ್ನು ನೋಡಿ ದವಡೆಯ ಚಾಚಿಗೆ ಅಂಕ ಕೊಟ್ಟರು. ರಕ್ತಸಂಬಂಧದ ಮದುವೆಗಳ ಸಾಂದ್ರತೆ ಹೆಚ್ಚಿದಂತೆ ದವಡೆಯ ಚಾಚೂ ಹೆಚ್ಚಿತ್ತು. ಕೊನೆಯ ದೊರೆ ಎರಡನೆಯ ಕಾರ್ಲೋಸನಿಗೆ ಊಟ ಅಗಿಯುವುದೇ ಕಷ್ಟವಾಗಿತ್ತು. ಅವನ ಅಪ್ಪ ನಾಲ್ಕನೆಯ ಫಿಲಿಪ್ ಮದುವೆಯಾದದ್ದು ಯಾರನ್ನು? ತನ್ನ ತಂಗಿಯ ಮಗಳನ್ನು.

ಸೋದರಮಾವನ ಮದುವೆ ನಮಗೆ ಹೊಸತಲ್ಲ. ನಮ್ಮಲ್ಲಿ ಅಕ್ಕನ ಮಗಳು ಸರಿ, ತಂಗಿಯ ಮಗಳು ಕೂಡದು, ಅಷ್ಟೇ ವ್ಯತ್ಯಾಸ; ಜೀನುಗಳಿಗೆ ಅಕ್ಕ ತಂಗಿಯ ಭೇದ ಗೊತ್ತಿಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಹೆರಿಗೆಯಾದ ತಾಯಂದಿರ ಮದುವೆಗಳನ್ನು ಆ್ಯಲನ್ ಬಿಟಲ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಅವರ ತಂಡ ಲೆಕ್ಕಹಾಕಿದಾಗ ಸರಿಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗಿನದಾಗಿತ್ತು. ಸೋದರಮಾವ ಮತ್ತು ಅಕ್ಕನ ಮಗಳಿಗೆ ಹುಟ್ಟಿದ ಮಗುವಿನ ಪ್ರತಿ ಎಂಟು ಜೀನುಗಳಲ್ಲಿ ಒಂದರ ಎರಡೂ ಪ್ರತಿಗಳು ಒಬ್ಬರೇ ಪೂರ್ವಿಕರಿಂದ ಬಂದಿರುವ ಸಂಭವವಿದೆ. ಅತ್ತೆ ಮಗ, ಮಾವನ ಮಗಳಾದರೆ ಹದಿನಾರರಲ್ಲಿ ಒಂದು. ಕಾರ್ಲೋಸನ ಲೆಕ್ಕ ನಾಲ್ಕರಲ್ಲಿ ಒಂದಕ್ಕೂ ತುಸು ಮೇಲಿತ್ತು, ಅಣ್ಣ ತಂಗಿಯರಿಗೆ ಹುಟ್ಟಿದ ಮಗುವಿಗೆ ಬರುವಷ್ಟು. ಹೀಗಾಗಿ ನಮ್ಮ ಮನೆತನಗಳಲ್ಲಿ ಒಂದೇ ಗದ್ದ, ಒಂದೇ ಕೆನ್ನೆಮೂಳೆ ಮೂರು ತಲೆಮಾರು ಬಿಡದೆ ಕಾಣಿಸಿಕೊಳ್ಳುವುದು ಆಶ್ಚರ್ಯವಲ್ಲ. ಹಾಗೆಂದು ಪ್ರತಿ ಸೋದರಮಾವನ ಮದುವೆಯಿಂದ ಹ್ಯಾಬ್ಸ್‌ಬರ್ಗ್ ದವಡೆ ಹುಟ್ಟುವುದಿಲ್ಲ. ಕುಟುಂಬದಲ್ಲಿ ಅಡಗಿ ಕೂತ ಜೀನು ಇದ್ದರೆ ಮಾತ್ರ ಅದಕ್ಕೆ ಎದ್ದು ಬರುವ ದಾರಿ ಸಲೀಸಾಗುತ್ತದೆ.

ಥಲಸ್ಸೀಮಿಯಾ ಅಂಥ ಅಡಗಿದ ಜೀನುಗಳ ಕೆಲಸ. ರಕ್ತ ಸಾಲದ ಮಗುವಿನ ದೇಹ ಮಜ್ಜೆಯನ್ನು ಹಿಗ್ಗಿಸುತ್ತ ಹೋಗುತ್ತದೆ, ಮೇಲ್ದವಡೆ ಮತ್ತು ಕೆನ್ನೆಯ ಮೂಳೆಗಳು ಒಳಗಿನಿಂದ ಉಬ್ಬಿ ಮುಖದ ಚಹರೆಯೇ ಬದಲಾಗುತ್ತದೆ. ಚಿಕ್ಕಂದಿನಿಂದ ತಪ್ಪದೆ ರಕ್ತ ಕೊಟ್ಟರೆ ಇದನ್ನು ತಡೆಯಬಹುದು. ಜೀನಿನಿಂದ ಬಂದದ್ದು ಎಂದರೆ ಬದಲಾಯಿಸಲಾಗದ್ದು ಎಂದು ತಿಳಿಯುವವರು ಇದನ್ನು ನೆನಪಿಡಬೇಕು.

ಈಗ ದವಡೆಗೆ ಬರೋಣ. ತಲೆಬುರುಡೆಯ ಮೇಲ್ಭಾಗ ಮಿದುಳಿನ ಜೊತೆ ಬೆಳೆಯುವುದರಿಂದ ಆರೇಳು ವರ್ಷಕ್ಕೆ ಬಹುಪಾಲು ಮುಗಿದುಹೋಗುತ್ತದೆ. ದವಡೆಗಳು ಹಾಗಲ್ಲ. ಹಾಲುಹಲ್ಲು ಬಂದು, ಬಿದ್ದು, ದೊಡ್ಡ ಹಲ್ಲು ಬರುವ ಇಡೀ ಕಾಲ ಅವು ಬೆಳೆಯುತ್ತಲೇ ಇರುತ್ತವೆ. ಕೆಳದವಡೆ ಹದಿನಾರು, ಹದಿನೆಂಟರವರೆಗೂ. ಇಷ್ಟು ದೀರ್ಘ ಕಾಲ ಬೆಳೆಯುವ ಮೂಳೆಗೆ ಹೊರಗಿನ ಪ್ರಭಾವ ತಟ್ಟಲು ಅವಕಾಶವೂ ದೀರ್ಘ. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಾನು ಕಟ್ಟಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ಬರೆದ. ಮೂಳೆಯೊಳಗೆ ಹುದುಗಿರುವ ಆಸ್ಟಿಯೊಸೈಟ್ ಕೋಶಗಳು ಒತ್ತಡವನ್ನು ಅರಿತು, ಕಟ್ಟುವ ಕೋಶಗಳಿಗೂ ಕರಗಿಸುವ ಕೋಶಗಳಿಗೂ ಸಂಕೇತ ಕಳಿಸುತ್ತವೆ. ಕಿವಿಯ ಕೆಳಗೆ, ಕೆನ್ನೆಯ ಹಿಂಬದಿಗೆ ಬೆರಳಿಟ್ಟು ಹಲ್ಲು ಕಚ್ಚಿ ನೋಡಿ. ಎದ್ದು ನಿಲ್ಲುವ ಆ ಸ್ನಾಯು ಪ್ರತಿ ಅಗಿತದಲ್ಲೂ ದವಡೆಯ ಮೂಳೆಯನ್ನು ತುಸು ಬಗ್ಗಿಸುತ್ತದೆ. ಬಗ್ಗಿಸಿದ ಕಡೆ ಮೂಳೆ ಬಲಿಯುತ್ತದೆ.

ಇದನ್ನು ಮನುಷ್ಯರ ಮಕ್ಕಳ ಮೇಲೆ ಪ್ರಯೋಗಿಸಲು ಬರುವುದಿಲ್ಲ. ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ ಹೈರಾಕ್ಸ್ ಎಂಬ ಪ್ರಾಣಿಯನ್ನು ಆರಿಸಿಕೊಂಡಿತು. ಆಫ್ರಿಕಾದ ಬಂಡೆಗಳ ನಡುವೆ ವಾಸಿಸುವ, ಮೊಲದಷ್ಟು ಗಾತ್ರದ, ಆನೆಯ ದೂರದ ನೆಂಟ ಅದು. ಅದರ ಮುಖ ನಮ್ಮ ಹಾಗೆ ಹಣೆಯ ಕೆಳಗೆ ತುಸು ಒಳಸರಿದಿದೆ, ಆಯ್ಕೆಗೆ ಅದೇ ಕಾರಣ. ಒಂದು ಗುಂಪಿಗೆ ಹಸಿ, ಒಣ ಆಹಾರ. ಇನ್ನೊಂದಕ್ಕೆ ಅದೇ ಆಹಾರ ಬೇಯಿಸಿ ಕೊಟ್ಟರು. ಸರಕು ಒಂದೇ, ದುಡಿಮೆ ಬೇರೆ. 2004ರಲ್ಲಿ ಬಂದ ಫಲಿತಾಂಶ: ಬೇಯಿಸಿದ್ದು ತಿಂದವುಗಳ ಮುಖದ ಕೆಳಭಾಗದ, ಹಿಂಭಾಗದ ಬೆಳವಣಿಗೆ ಸುಮಾರು ಶೇ 10ರಷ್ಟು ಕಡಿಮೆ. ರಾಗಿರೊಟ್ಟಿಗೂ ಮುದ್ದೆಗೂ ಇರುವ ಅಂತರದ ಪ್ರಯೋಗ ಇದು ಎನ್ನಬಹುದು. ಹಿಟ್ಟು ಅದೇ, ಬಾಯಿಗೆ ಬರುವ ರೂಪ ಬೇರೆ.

ನಮ್ಮ ದೇಶದಲ್ಲೇ ಇದಕ್ಕೆ ಮನುಷ್ಯರ ಸಾಕ್ಷ್ಯವಿದೆ. ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ಕೊರುಚ್ಚಿನಿ 1980ರ ದಶಕದ ಆರಂಭದಲ್ಲಿ ಚಂಡೀಗಢದವರ ಜೊತೆ ಸೇರಿ ಪಂಜಾಬಿನ ಹಳ್ಳಿಯ ಹುಡುಗರ, ನಗರದ ಹುಡುಗರ ಬಾಯಿಗಳನ್ನು ನೋಡಿದ. ವಂಶ ಹೆಚ್ಚುಕಡಿಮೆ ಒಂದೇ, ಊಟ ಬೇರೆ. ಒರಟು ಆಹಾರ ತಿನ್ನುತ್ತಿದ್ದ ಹಳ್ಳಿಯವರಿಗಿಂತ ನಗರದವರಲ್ಲಿ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಸರಿಯಾಗಿ ಕೂಡದಿರುವುದು ಹೆಚ್ಚಾಗಿತ್ತು. ಅವಳಿ ಮಕ್ಕಳ ಮೇಲೆ ಅವನೇ ಮಾಡಿದ ಅಧ್ಯಯನವೂ ಹಲ್ಲುಗಳ ಕೂಡಿಕೆಯಲ್ಲಿ ವಂಶದ ಪಾಲು ಎಲ್ಲರೂ ತಿಳಿದದ್ದಕ್ಕಿಂತ ಕಡಿಮೆ ಎಂದಿತು. ಹಲ್ಲಿನ ಗಾತ್ರ ವಂಶದಿಂದ ಬರುತ್ತದೆ, ಮೊಳಕೆಯಲ್ಲೇ ನಿಗದಿಯಾಗುತ್ತದೆ. ಅದಕ್ಕೆ ಬೇಕಾದ ಜಾಗ ಮಾತ್ರ ಆಮೇಲೆ, ದವಡೆ ದುಡಿದಂತೆ ಆಗಬೇಕು. ಮಂಚವನ್ನು ಮೊದಲೇ ಮಾಡಿಸಿ ಕೋಣೆಯನ್ನು ಆಮೇಲೆ ಕಟ್ಟಿದ ಹಾಗೆ. ಕೋಣೆ ಕಿರಿದಾದರೆ ಹಲ್ಲುಗಳು ಒಂದರ ಮೇಲೊಂದು ಹತ್ತುತ್ತವೆ, ಕೊನೆಗೆ ಬರುವ ಬುದ್ಧಿಹಲ್ಲಿಗಂತೂ ಜಾಗವೇ ಇರುವುದಿಲ್ಲ.

2011ರಲ್ಲಿ ನೊರೀನ್ ಫಾನ್ ಕ್ರಾಮನ್-ಟೌಬಾಡೆಲ್ ಪ್ರಪಂಚದ ಹನ್ನೊಂದು ಜನಸಮುದಾಯಗಳ ತಲೆಬುರುಡೆಗಳನ್ನು ಅಳೆದು ನೋಡಿದಳು. ಬುರುಡೆಯ ಉಳಿದ ಭಾಗದ ವ್ಯತ್ಯಾಸಗಳು ಆ ಜನರ ವಂಶಾವಳಿಯ ದೂರವನ್ನು ಅನುಸರಿಸಿದವು. ಕೆಳದವಡೆ ಮಾತ್ರ ಅವರು ಬೇಟೆಯಾಡಿ ಬದುಕಿದವರೇ, ಬೇಸಾಯ ಮಾಡಿದವರೇ ಎಂಬುದನ್ನು ಅನುಸರಿಸಿತು. ಬೇಟೆಗಾರರದು ನೀಳ, ಕಿರಿದು; ಬೇಸಾಯಗಾರರದು ಗಿಡ್ಡ, ಅಗಲ. ಒಂದೇ ತಲೆಯ ಎರಡು ಮೂಳೆಗಳು ಎರಡು ಬೇರೆ ಚರಿತ್ರೆಗಳನ್ನು ಹೇಳುತ್ತವೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷ್ಯ ನಾನು ಕಂಡಿಲ್ಲ. ಆದರೂ ಉತ್ಸಾಹಕ್ಕೆ ಲಗಾಮು ಬೇಕು. 2017ರಲ್ಲಿ ಇನ್ನೊಂದು ತಂಡ ಇನ್ನೂ ದೊಡ್ಡ ಸಂಗ್ರಹವನ್ನು ಪರೀಕ್ಷಿಸಿ, ಮೆತ್ತಗಿನ ಆಹಾರದ ಪರಿಣಾಮ ನಿಜ ಆದರೆ ಸಾಧಾರಣ ಎಂದಿತು. ಹೆಚ್ಚು ಬದಲಾವಣೆ ಕಂಡದ್ದು ಹಾಲು, ಹೈನು ಬಳಸುವ ಜನರಲ್ಲಂತೆ. ಮೊಸರನ್ನ ತಿನ್ನುವವರು ಯೋಚಿಸಬೇಕಾದ ವಿಷಯ.

ಬೇಸಾಯ ಬಾಯಿಯನ್ನು ಬದಲಿಸಿತು ಎಂಬ ವಾದ ಮಾತಿನ ಧ್ವನಿಯವರೆಗೂ ಹೋಗಿದೆ. ಬೇಟೆಯ ಕಾಲದ ವಯಸ್ಕರ ಹಲ್ಲು ಸವೆದು ಮೇಲಿನದು ಕೆಳಗಿನದು ಅಂಚಿಗೆ ಅಂಚು ಕೂಡುತ್ತಿತ್ತು. ಮೆತ್ತಗಿನ ಊಟ ಬಂದ ಮೇಲೆ ಮೇಲಿನ ಹಲ್ಲು ತುಸು ಮುಂದೆಯೇ ಉಳಿದು, ಕೆಳತುಟಿಯನ್ನು ಅದಕ್ಕೆ ತಾಗಿಸಿ ಆಡುವ ಧ್ವನಿಗಳು ಸುಲಭವಾದವು ಎಂದು 2019ರಲ್ಲಿ ಡೇಮಿಯನ್ ಬ್ಲಾಸಿ ಮತ್ತು ಸಂಗಡಿಗರು ವಾದಿಸಿದರು. ಕನ್ನಡದಲ್ಲಿ ಅಂಥ ವಕಾರ ಹಿಂದಿನಿಂದ ಇದೆ. ಆದರೆ ಸಾವಿರಾರು ವರ್ಷ ಉತ್ತು ಬಿತ್ತಿದ ಈ ನಾಡಿನಲ್ಲಿ ಇಂಗ್ಲಿಷಿನವರ ಫಕಾರ ತಾನಾಗಿ ಹುಟ್ಟಲಿಲ್ಲ, ಮಾಗಡಿಯ ಹಳ್ಳಿಗಳಲ್ಲಿ ಇವತ್ತಿಗೂ ‘ಕಾಪಿ’ ಕುಡಿದು ‘ಪೋನು’ ಮಾಡುತ್ತಾರೆ. ದವಡೆ ಅವಕಾಶ ಕೊಡಬಹುದು, ಭಾಷೆ ಒಪ್ಪಬೇಕಲ್ಲ!

ಹಾಗಾದರೆ ಮುದ್ದೆ ನುಂಗುವ ಸೀಮೆಯವರೆಲ್ಲ ಕಿರಿದವಡೆಯವರಾಗಬೇಕಿತ್ತು. ಹಾಗಾಗಿಲ್ಲ ಏಕೆ? ಅವರು ಮುದ್ದೆಯೊಂದನ್ನೇ ತಿನ್ನಲಿಲ್ಲ. ಮುದ್ದೆಯ ಪಕ್ಕದಲ್ಲಿ ಹುರುಳಿಕಾಳು, ಅವರೆಕಾಳು, ನಾರಿನ ಸೊಪ್ಪು ಇದ್ದವು. ಬಾಡೂಟದ ದಿನ ನಾಟಿಕೋಳಿಯ ಗಟ್ಟಿ ಮಾಂಸ, ಕಡಿಯಲು ಮೂಳೆ. ಊಟದ ನಡುವಿನ ಹೊತ್ತಿನಲ್ಲಿ ಬಾಯಿ ಇನ್ನೂ ಹೆಚ್ಚು ದುಡಿಯುತ್ತಿತ್ತು. ಮಕ್ಕಳು ಕಬ್ಬನ್ನು ಹಲ್ಲಿನಿಂದಲೇ ಸಿಗಿದು ಜಗಿಯುತ್ತಿದ್ದರು, ಹುರಿದ ಹುಣಸೆಬೀಜವನ್ನು ಗಂಟೆಗಟ್ಟಲೆ ಬಾಯಲ್ಲಿ ಹೊರಳಿಸಿ ಕಡಿಯುತ್ತಿದ್ದರು. ಕಡ್ಲೆಕಾಯಿ, ಒಣಕೊಬ್ಬರಿ, ಕಾಯಿ ಸೀಬೆ, ಸುಟ್ಟ ಜೋಳದ ತೆನೆ ಎಲ್ಲವೂ ಇದ್ದವು. ಬೆಳಗೆದ್ದು ಹೊಂಗೆ, ಬೇವಿನ ಕಡ್ಡಿ ಅಗಿಯುವುದು ಬೇರೆ. ಊಟವನ್ನು ನುಂಗಿದ ಬಾಯಿ ಕುರುಕಲಿನಲ್ಲಿ ಲೆಕ್ಕ ತೀರಿಸುತ್ತಿತ್ತು.

ಇನ್ನೂ ಹಿಂದಕ್ಕೆ ಹೋದರೆ ಬಳ್ಳಾರಿಯ ಸಂಗನಕಲ್ಲು, ತೆಕ್ಕಲಕೋಟೆ, ಕಾವೇರಿ ದಡದ ಟಿ. ನರಸೀಪುರದಂಥ ನೆಲೆಗಳ ನವಶಿಲಾಯುಗದ ಜನ ಸಿಗುತ್ತಾರೆ. ಕರ್ನಾಟಕದ ಆ ಮೊದಲ ಬೇಸಾಯಗಾರರು ಬೆಳೆದದ್ದು ಕೊರಲೆಯಂಥ ಸಿರಿಧಾನ್ಯ, ಹುರುಳಿ, ಹೆಸರು. ರಾಗಿ ಆಫ್ರಿಕಾದ ಎತ್ತರದ ನೆಲದಿಂದ ಆಮೇಲೆ ಬಂದದ್ದು. ಸಂಗನಕಲ್ಲಿನ ಬಂಡೆಗಳ ಮೇಲೆ ಅವರು ಧಾನ್ಯ ಅರೆದು ಅರೆದು ಮಾಡಿದ ನುಣುಪು ಗುಳಿಗಳು ಇಂದಿಗೂ ಇವೆ. ಕಲ್ಲಿನಲ್ಲಿ ಅರೆದ ಹಿಟ್ಟಿನಲ್ಲಿ ಕಲ್ಲಿನ ಪುಡಿಯೂ ಸೇರುತ್ತದೆ, ಅದು ಹಲ್ಲನ್ನು ಸವೆಸುತ್ತದೆ. ಸವೆದ ಹಲ್ಲಿಗೆ ಕಡಿಮೆ ಜಾಗ ಸಾಕು. ಹಳೆಯ ಬಾಯಿಗಳಲ್ಲಿ ಇಕ್ಕಟ್ಟು ಕಡಿಮೆ ಇದ್ದದ್ದಕ್ಕೆ ಈ ಸವೆತವೂ ಒಂದು ಕಾರಣ; ಎಲ್ಲ ಕೀರ್ತಿಯನ್ನೂ ಗಟ್ಟಿ ದವಡೆಗೆ ಕಟ್ಟುವುದು ತಪ್ಪು.

ಈಗಿನ ಬದಲಾವಣೆ ಮುದ್ದೆಯಿಂದ ಬಂದದ್ದಲ್ಲ. ಕುರುಕಲಿನ ಜಾಗಕ್ಕೆ ಟೀಯಲ್ಲಿ ಅದ್ದಿದ ಬಿಸ್ಕತ್ತು, ಬನ್ನು, ಬಾಯಲ್ಲಿಟ್ಟರೆ ಕರಗುವ ಪೊಟ್ಟಣದ ತಿಂಡಿ ಬಂದಿವೆ. ಬೆಂಗಳೂರು ಮೈಸೂರು ರಸ್ತೆಯ ಬಿಡದಿಯ ತಟ್ಟೆ ಇಡ್ಲಿ ಮೂಳೆ ತಜ್ಞರ ಕಣ್ಣಲ್ಲಿ ಮೃದುತ್ವದ ಪರಾಕಾಷ್ಠೆ (ನಾನು ಅದರ ಭಕ್ತನೇ, ಅದು ಬೇರೆ ಮಾತು). ಸಿಹಿ ಹತ್ತಿದ ಹಾಲುಹಲ್ಲು ಹುಳುಕಾಗಿ ಕಾಲಕ್ಕೆ ಮೊದಲೇ ಬಿದ್ದರೆ ಹಿಂದಿನ ದವಡೆಹಲ್ಲು ಮುಂದಕ್ಕೆ ಸರಿದು ಆ ಜಾಗ ಹಿಡಿಯುತ್ತದೆ, ಹೊಸ ಹಲ್ಲು ಎಡೆಯಿಲ್ಲದೆ ಓರೆಯಾಗಿ ಬರುತ್ತದೆ. ‘ಹಾಲುಹಲ್ಲು ತಾನೇ, ಬಿದ್ದರೆ ಬೀಳಲಿ’ ಎನ್ನುವುದು ನಮ್ಮ ಮನೆಗಳ ದೊಡ್ಡ ತಪ್ಪುಗಳಲ್ಲೊಂದು.

ಸರಕಿನ ವಾದವನ್ನು ತೀರ ತಳ್ಳಿಹಾಕಿದೆನೆಂದು ತಿಳಿಯಬಾರದು. ಗರ್ಭದಲ್ಲಿ ಅಯೊಡಿನ್ ಸಾಲದೆ ಹುಟ್ಟಿದ ಮಗುವಿನ ಮೂಗಿನ ಸೇತುವೆ ಚಪ್ಪಟೆಯಾಗಿರುತ್ತದೆ; ವಿಟಮಿನ್ ಡಿ ಇಲ್ಲದಿದ್ದರೆ ರಾಗಿಯ ಕ್ಯಾಲ್ಸಿಯಂ ಮೂಳೆಗೆ ಸೇರುವುದಿಲ್ಲ. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ 1920ರ ದಶಕದಲ್ಲಿ ಭಾರತದ ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ತಿನ್ನಿಸಿ, ಗೋಧಿ ರೊಟ್ಟಿ, ಹಾಲು, ಕಾಳು, ತರಕಾರಿಯ ಪಂಜಾಬಿನ ಊಟ ತಿಂದವು ಪುಷ್ಟಿಯಾಗಿಯೂ ಮದರಾಸಿನ ಬಿಳಿ ಅನ್ನದ ಊಟ ತಿಂದವು ಬಡಕಲಾಗಿಯೂ ಬೆಳೆದವೆಂದು ತೋರಿಸಿದ. ಅದು ಗಟ್ಟಿ ಕೆಲಸ. ಅಮೆರಿಕದ ದಂತವೈದ್ಯ ವೆಸ್ಟನ್ ಪ್ರೈಸ್ 1939ರ ಪುಸ್ತಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೈದಾ ಮತ್ತು ಸಕ್ಕರೆ ಬಂದ ಕಡೆಯೆಲ್ಲ ಒಂದೇ ತಲೆಮಾರಿನಲ್ಲಿ ಮುಖ ಕಿರಿದಾಯಿತು, ಕಾರಣ ಜೀವಸತ್ವಗಳ ಕೊರತೆ ಎಂದ. ಅವನು ತೆಗೆದ ಫೋಟೊಗಳು ನಿಜ, ಕಾರಣ ಅರ್ಧ. ಮೈದಾ ಬಂದಾಗ ಜೀವಸತ್ವದ ಜೊತೆ ಅಗಿತವೂ ಹೋಯಿತು ಎಂಬುದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಹೋಲಿಸಿ ನೋಡಲು ಸರಿಯಾದ ಗುಂಪುಗಳನ್ನೂ ಇಟ್ಟುಕೊಳ್ಳಲಿಲ್ಲ. ಇಂದಿಗೂ ಆರೋಗ್ಯದ ಹೆಸರಿನಲ್ಲಿ ಮಾರಾಟವಾಗುವ ಬಹಳಷ್ಟು ಮಾತು ಪ್ರೈಸನ ಈ ಅರ್ಧದಿಂದ ಹುಟ್ಟಿದ್ದು.

ದುಡಿಮೆ ನಿಂತರೆ ಮೂಳೆ ಏನಾಗುತ್ತದೆ ಎಂಬುದನ್ನು ನೋಡಲು ಊರಿನ ಯಾವುದೇ ಜಗುಲಿ ಸಾಕು. ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತ ಕೂತ ಬೊಚ್ಚುಬಾಯಿಯ ಅಜ್ಜಿಯ ಗದ್ದ ಮೂಗಿನ ಹತ್ತಿರ ಬಂದಿರುತ್ತದೆ. ಹಲ್ಲನ್ನು ಹಿಡಿದಿರುವ ದವಡೆಯ ದಿಂಡು ಇರುವುದೇ ಹಲ್ಲಿಗಾಗಿ; ಹಲ್ಲು ಹೋದ ಮೇಲೆ ಅದು ಕರಗತೊಡಗುತ್ತದೆ. ಪೂರ್ತಿ ಹಲ್ಲುಸೆಟ್ಟು ಹಾಕಿದವರನ್ನು ಇಪ್ಪತ್ತೈದು ವರ್ಷ ಹಿಂಬಾಲಿಸಿ 1972ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದು ಕೆಳದವಡೆಯ ದಿಂಡು ಮೇಲಿನದರ ಸುಮಾರು ನಾಲ್ಕು ಪಟ್ಟು ಕರಗುತ್ತದೆ ಎಂದು ಕಂಡಿತು. ಎಪ್ಪತ್ತರಲ್ಲೂ ಮೂಳೆ ಬದಲಾಗುತ್ತದೆ, ಆದರೆ ಸವೆಯುವ ದಿಕ್ಕಿನಲ್ಲಿ ಮಾತ್ರ.

ಇದನ್ನು ಇಪ್ಪತ್ತರ ಹುಡುಗರಿಗೆ ಹೇಳಬೇಕಾಗಿದೆ. ಮೊಬೈಲಿನ ರೀಲುಗಳಲ್ಲಿ ನಾಲಿಗೆಯನ್ನು ಅಂಗುಳಕ್ಕೆ ಒತ್ತಿಹಿಡಿದರೆ, ರಬ್ಬರಿನ ಉಂಡೆ ಅಗಿದರೆ ದವಡೆ ಸಿನಿಮಾ ನಾಯಕನದರಂತೆ ಚೌಕವಾಗುತ್ತದೆ ಎಂದು ಕಲಿಸುವವರಿದ್ದಾರೆ. ಅಗಿದರೆ ಸ್ನಾಯು ದಪ್ಪವಾದೀತು. ಬೆಳೆದು ನಿಂತ ಮೂಳೆಯ ಆಕಾರ ಅದರಿಂದ ಬದಲಾಗುತ್ತದೆಂಬುದಕ್ಕೆ ಪುರಾವೆಯಿಲ್ಲ. ದವಡೆಯ ಕೀಲು ನೋಯುವುದಂತೂ ಖಂಡಿತ ಸಾಧ್ಯ.

ಕಾಲವಿರುವುದು ಮಕ್ಕಳಿಗೆ. ಹಾಲುಹಲ್ಲು ಪೂರ್ತಿ ಬಂದ ಮೇಲೆ ಮಿಕ್ಸಿಗೆ ಹಾಕಿದ ಊಟವನ್ನು ನಿಲ್ಲಿಸಿ. ರೊಟ್ಟಿ, ಬೇಯಿಸಿದ ಕಾಳು, ಕ್ಯಾರೆಟ್, ಸೀಬೆ, ಕಬ್ಬಿನ ಜಲ್ಲೆ ಕೊಡಿ. ಕಡ್ಲೆಕಾಯಿ ಬೀಜದಂಥದ್ದನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡಿಯಾಗಿ ಕೊಡಬೇಡಿ, ಉಸಿರುನಾಳಕ್ಕೆ ಹೋದೀತು. ಇದರಿಂದ ಎಲ್ಲರ ಹಲ್ಲೂ ಸಾಲಾಗುತ್ತದೆಂದು ನಾನು ಮಾತು ಕೊಡಲಾರೆ, ಮನೆತನದ ಪಾಲು ಮನೆತನದ್ದೇ. ಇನ್ನೊಂದು: ಮಗು ಬಾಯಿ ತೆರೆದು ಉಸಿರಾಡುತ್ತ ಮಲಗಿದರೆ ಅಸಡ್ಡೆ ಮಾಡಬೇಡಿ. ಎಗಿಲ್ ಹಾರ್ವೋಲ್ಡ್ ಎಂಬ ವಿಜ್ಞಾನಿ ಎಳೆಯ ಮಂಗಗಳ ಮೂಗಿನ ಹೊಳ್ಳೆ ಮುಚ್ಚಿ ಬೆಳೆಸಿದಾಗ ಅವುಗಳ ದವಡೆ, ಹಲ್ಲುಸಾಲು ಎರಡೂ ಬದಲಾದದ್ದು 1981ರಲ್ಲಿ ವರದಿಯಾಗಿದೆ. ಮಗುವಿನ ಮೂಗಿನ ಹಿಂದೆ ಅಡಿನಾಯ್ಡ್ ಗಂಟು ಊದಿದ್ದರೂ ಉಸಿರಾಟ ಹೀಗೆಯೇ ಬಾಯಿಗೆ ತಿರುಗುತ್ತದೆ. ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ. ಮೊದಲ ದೊಡ್ಡ ದವಡೆಹಲ್ಲು ಬರುವುದು ಆರನೆಯ ವರ್ಷದಲ್ಲಿ. ಏಳು ತುಂಬುವುದರೊಳಗೆ ಒಮ್ಮೆ ದಂತವೈದ್ಯರ ಬಳಿಗೂ ಕರೆದೊಯ್ಯಿರಿ. ದವಡೆಯನ್ನು ಸುಲಭವಾಗಿ ಹಿಗ್ಗಿಸಲು ಸಾಧ್ಯವಿರುವ ವರ್ಷಗಳು ಅವು, ಹದಿನೆಂಟಾದ ಮೇಲೆ ಅದೇ ಕೆಲಸಕ್ಕೆ ಎಷ್ಟೋ ಸಲ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.